ಮೀನು ಒಣಗಿಸುವ ಗಾಳಿ

ಕೆನಡಾದ ಪಶ್ಚಿಮ ಕರಾವಳಿಯ ವ್ಯಾಂಕೂವರಿನಿಂದ ಪೂರ್ವಕ್ಕೆ ಹೊರಟ ಕಾರುಗಳು ಸುಮಾರು 150 ಕಿ.ಮೀ. ಕಳೆದ ಮೇಲೆ ಹೋಪ್ ಎಂಬ ಊರಿನಲ್ಲಿ ಎರಡು ಪಾಲಾಗುತ್ತವೆ. ಬಹುಪಾಲು ಕಾರುಗಳು ಕೊಕಿಹಲ್ಲಾ ಹೆದ್ದಾರಿ ಹಿಡಿದು ಬ್ಯಾನ್ಫ್ ಎಂಬ ಬೆಟ್ಟದೂರಿನ ಕಡೆಗೆ ಓಡುತ್ತವೆ. 1986ರಲ್ಲಿ ಆ ಹೊಸ ದಾರಿ ತೆರೆದ ಮೇಲೆ ಹಳೆಯ ಒಂದನೇ ನಂಬರ್ ಹೆದ್ದಾರಿಯಲ್ಲಿ ಓಡಾಟ ಇಳಿಯಿತು, ಅದನ್ನೇ ನಂಬಿದ್ದ ಮೋಟೆಲು, ಪೆಟ್ರೋಲ್ ಬಂಕುಗಳು ಸೊರಗಿದವು. ಈ ಹಳೆಯ ದಾರಿಯೇ ಫ್ರೇಸರ್ ನದಿಯ ಕಮರಿಯ ದಾರಿ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಬ್ಯಾನ್ಫ್‌ಗೆ, ವಿಕ್ಟೋರಿಯಾದ ಹೂತೋಟಕ್ಕೆ ಕರೆದೊಯ್ಯುವ ವ್ಯಾಂಕೂವರ್, ಸಿಯಾಟಲ್ ಕಡೆಯ ನಮ್ಮ ಮಂದಿ ಇತ್ತ ತಿರುಗುವುದು ಕಡಿಮೆ. ತಿರುಗಿದರೂ ಕಮರಿ ತೀರಾ ಕಿರಿದಾಗುವ ಹೆಲ್ಸ್ ಗೇಟ್‌ನಲ್ಲಿ ಏರ್‌ಟ್ರಾಮ್ (ತಂತಿಯಲ್ಲಿ ತೂಗುವ ಡಬ್ಬಿ) ಹತ್ತಿ ಇಳಿದು, ಐಸ್‌ಕ್ರೀಂ ತಿಂದು, ಫೋಟೊ ಹಿಡಿದು ವಾಪಸ್.

ಅಷ್ಟಕ್ಕೇ ಬರುವುದಾದರೆ ಬಾರದಿದ್ದರೂ ನಷ್ಟವೇನಿಲ್ಲ. ಈ ಕಮರಿಯಲ್ಲಿ ಯಾವುದೂ ಪ್ರವಾಸಿಗರ ಅನುಕೂಲ ನೋಡಿ ನಡೆಯುವುದಿಲ್ಲ. ಮೀನು ಹಿಡಿಯುವ ವಾರ, ಹಣ್ಣಿನ ಹಬ್ಬ, ಕಾಡಿನ ಹಾದಿ ತೆರೆಯುವುದು ಮುಚ್ಚುವುದು, ಹೊಳೆ ದಾಟಿಸುವ ದೋಣಿ, ಎಲ್ಲಕ್ಕೂ ಯಜಮಾನಿಕೆ ನದಿ ಮತ್ತು ಗಾಳಿಯದ್ದು. ಮೊದಲು ಗಾಳಿಯ ಲೆಕ್ಕ ಅರ್ಥ ಮಾಡಿಕೊಂಡರೆ ಮಿಕ್ಕದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಹೋಪ್ ಕಡಲ ಕಡೆಯ ಊರು. ಮೋಡಗಳು ಅಲ್ಲಿನ ಬೆಟ್ಟಗಳಿಗೆ ತಾಗಿ ವರ್ಷಕ್ಕೆ 1,500 ಮಿ.ಮೀ.ಗೂ ಹೆಚ್ಚು ಮಳೆ ಸುರಿಸುತ್ತವೆ. ಪಾಚಿ ಹಿಡಿದ ಸೀಡರ್ ಮರಗಳು, ತೊಟ್ಟಿಕ್ಕುವ ಬಂಡೆಗಳು. ಅಲ್ಲಿಂದ ಉತ್ತರಕ್ಕೆ ನೂರೆಂಟು ಕಿ.ಮೀ. ಹೋದರೆ ಲಿಟನ್. ಅಲ್ಲಿಗೆ ಬರುವಷ್ಟರಲ್ಲಿ ಮಳೆ ಕಾಲು ಭಾಗದ ಆಸುಪಾಸಿಗೆ ಇಳಿದಿರುತ್ತದೆ. ಪಾಂಡರೋಸಾ ಪೈನ್, ಸೇಜ್ ಪೊದೆ, ನೆಲಕ್ಕೆ ಅಂಟಿದ ಪಾಪಾಸುಕಳ್ಳಿ. ಕರಾವಳಿ ಪರ್ವತಗಳ ಮಳೆ ನೆರಳಿನ ನಾಡು ಇದು. ಬೇಸಿಗೆಯಲ್ಲಿ ಒಳನಾಡಿನ ಪ್ರಸ್ಥಭೂಮಿ ಕಾದು ಅಲ್ಲಿನ ಗಾಳಿ ಮೇಲೇರಿದಾಗ, ಕಡಲ ಕಡೆಯ ತಂಪು ಗಾಳಿ ಆ ಜಾಗ ತುಂಬಲು ಓಡಿಬರುತ್ತದೆ. ನಡುವೆ ಬೆಟ್ಟಗಳ ಗೋಡೆ, ಗೋಡೆಯಲ್ಲಿ ನದಿ ಕೊರೆದ ಸಂದು. ಆ ಸಂದಿನೊಳಗೆ ನುಗ್ಗಿದ ಗಾಳಿ ಮಧ್ಯಾಹ್ನ ಎರಡು ಮೂರು ಗಂಟೆಯಿಂದ ಕತ್ತಲಾಗುವವರೆಗೆ ನದಿಯ ಹರಿವಿಗೆ ಎದುರಾಗಿ ಬೀಸುತ್ತದೆ. ಬೆಳಗ್ಗೆ ಎಲೆ ಅಲುಗದ ಜಾಗದಲ್ಲಿ ಸಂಜೆ ಡೇರೆಯ ಗೂಟ ಕಿತ್ತು ಬರುವುದು ಇದರಿಂದ. ಡೇರೆ ಹಾಕುವವರು ಬೆಳಗಿನ ಶಾಂತಿ ನಂಬದೆ ಬಾಗಿಲನ್ನು ಉತ್ತರಕ್ಕೆ ಇಟ್ಟು, ನಾಲ್ಕೂ ಮೂಲೆಗೆ ಕಲ್ಲು ಹೇರುವುದು ಒಳ್ಳೆಯದು.

ಈ ಗಾಳಿಯನ್ನೇ ನಂಬಿ ಇಲ್ಲಿನ ಮೂಲನಿವಾಸಿ ಜನ ಸಾವಿರಾರು ವರ್ಷ ಬದುಕಿದ್ದಾರೆ. ಸ್ಪಝಮ್‌ನಿಂದ ಲಿಟನ್ ದಾಟಿ ಮೇಲಕ್ಕೆ ನ್ಲಕಾಪಮುಖ್ ಜನರ ನಾಡು. ಇನ್ನೂ ಉತ್ತರಕ್ಕಿರುವ ಲಿಲುಯೆಟ್ ಸುತ್ತ ಸ್ಟಾಟ್ಲಿಯಮ್ ಜನರದ್ದು. ಯೇಲ್‌ನಿಂದ ಕೆಳಗೆ ಸ್ಟೋಲೊ ಜನರದ್ದು. ಮೂವರ ಬದುಕೂ ಸಾಮನ್ ಮೀನಿನ ಮೇಲೆ ನಿಂತದ್ದು. ಈ ಮೀನು ಸಿಹಿನೀರಿನಲ್ಲಿ ಹುಟ್ಟಿ, ಕಡಲಿನಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ತೊರೆಗೇ ಮರಳುತ್ತದೆ. ಫ್ರೇಸರ್‌ಗೆ ನುಗ್ಗಿದ ಮೇಲೆ ಅದು ಏನೂ ತಿನ್ನುವುದಿಲ್ಲ, ಮೈಯಲ್ಲಿರುವ ಕೊಬ್ಬನ್ನೇ ಕರಗಿಸಿಕೊಂಡು ಈಜುತ್ತದೆ. ಲಿಲುಯೆಟ್ ತಲುಪುವಷ್ಟರಲ್ಲಿ ಮುನ್ನೂರು ಕಿ.ಮೀ.ಗೂ ಹೆಚ್ಚು ಈಜಿ ಕೊಬ್ಬು ಸಾಕಷ್ಟು ಇಳಿದಿರುತ್ತದೆ. ಒಣಗಿಸುವವರಿಗೆ ಬೇಕಾದದ್ದೂ ಅದೇ. ಕಡಲ ಬಾಯಲ್ಲಿ ಹಿಡಿದ ಮೀನು ಜಿಡ್ಡು ಹೆಚ್ಚಾಗಿ ಕಮಟು ಹಿಡಿಯುತ್ತದೆ. ಇನ್ನೂ ಮೇಲಿನ ತೊರೆಗಳಲ್ಲಿ ಹಿಡಿದದ್ದಕ್ಕೆ ಸಾರವೇ ಉಳಿದಿರುವುದಿಲ್ಲ. ಮೀನು ಹದಕ್ಕೆ ಬರುವ ಜಾಗವೂ ಒಣಗಾಳಿ ಬೀಸುವ ಜಾಗವೂ ಕಮರಿಯ ಇದೊಂದೇ ತುಂಡಿನಲ್ಲಿ ಕೂಡುತ್ತವೆ.

ಮೀನು ಹಿಡಿಯುವುದು ಹೀಗೆ. ಉದ್ದನೆಯ ಕೋಲಿನ ತುದಿಗೆ ಬಳೆಯಂಥ ಚೌಕಟ್ಟು, ಅದಕ್ಕೆ ಜೋಲುವ ಬಲೆಯ ಚೀಲ. ಹಿಡಿಯುವವರು ನೀರಿನ ಅಂಚಿನ ಬಂಡೆಯ ಮೇಲೆ ನಿಂತು, ಬಲೆಯನ್ನು ನೀರಿಗಿಳಿಸಿ ಹರಿವಿನ ದಿಕ್ಕಿಗೆ ಗುಡಿಸಿದಂತೆ ಎಳೆಯುತ್ತಾರೆ. ನಡುನೀರಿನ ಸೆಳೆತಕ್ಕೆ ಎದುರು ಈಜಲಾರದ ಮೀನು ದಂಡೆಗೆ ಒತ್ತಿಕೊಂಡು ಬರುತ್ತದೆ, ಬಂಡೆಯ ಹಿಂದಿನ ಸುಳಿಯಲ್ಲಿ ಸುಧಾರಿಸಿಕೊಳ್ಳುತ್ತದೆ. ಬಲೆ ಕಾಯುವುದು ಆ ಸುಳಿಯಲ್ಲೇ. ಒಂದೊಂದು ಬಂಡೆಯೂ ಒಂದೊಂದು ಮನೆತನಕ್ಕೆ ಸೇರಿದ್ದು, ತಲೆಮಾರುಗಳಿಂದ ಅವರೇ ಅಲ್ಲಿ ನಿಲ್ಲುವುದು. ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ಬಂಡೆಗೋ ಮರಕ್ಕೋ ಬಿಗಿಯುವುದುಂಟು. ಹಿಮ ಕರಗಿದ ಆ ಕಂದು ನೀರಿಗೆ ಬಿದ್ದವರಿಗೆ ಈಜು ಬಂದರೂ ಪ್ರಯೋಜನವಿಲ್ಲ.

ನಮ್ಮ ಕರಾವಳಿಯ ಒಣಮೀನಿಗೆ ಉಪ್ಪು, ಬಿಸಿಲು ಎರಡೂ ಬೇಕು. ಇಲ್ಲಿ ಎರಡೂ ಇಲ್ಲ. ತಲೆ, ಕರುಳು ತೆಗೆದು, ಬೆನ್ನುಮೂಳೆಯ ಎರಡೂ ಬದಿಗೆ ಕತ್ತಿ ಓಡಿಸಿ ಮೂಳೆ ಬಿಡಿಸುತ್ತಾರೆ. ಎರಡು ಹೋಳು ಬಾಲದಲ್ಲಿ ಮಾತ್ರ ಕೂಡಿರುತ್ತವೆ. ಆಮೇಲೆ ಕೈ ಪಳಗಿರಬೇಕಾದ ಕೆಲಸ: ಮಾಂಸದ ಮೇಲೆ ಅಡ್ಡಡ್ಡ, ಬೆರಳಗಲಕ್ಕೂ ಕಡಿಮೆ ಅಂತರದಲ್ಲಿ, ಚರ್ಮದವರೆಗೆ ಸೀಳುವುದು. ಚರ್ಮ ಮುಟ್ಟದಿದ್ದರೆ ಒಳಗೆ ಹಸಿ ಉಳಿದು ಹುಳಿಯುತ್ತದೆ. ಚರ್ಮ ಹರಿದರೆ ಮೀನು ಒಣಗುತ್ತಾ ತನ್ನ ಭಾರಕ್ಕೇ ಹರಿದು ಬೀಳುತ್ತದೆ. ಮಡಚಿಕೊಳ್ಳದಂತೆ ಅಡ್ಡಕ್ಕೆ ಸಣ್ಣ ಕಡ್ಡಿ ಸಿಕ್ಕಿಸಿ, ಮಾಂಸದ ಬದಿ ಹೊರಗೆ ಬರುವಂತೆ ಗಳುವಿನ ಮೇಲೆ ನೇತುಹಾಕುತ್ತಾರೆ. ಬಿಡಿಸಿದ ಬೆನ್ನುಮೂಳೆಯನ್ನೂ ಬೇರೆಯಾಗಿ ಒಣಗಿಸುತ್ತಾರೆ, ಬಿಸಾಡುವುದಿಲ್ಲ. ಚಪ್ಪರಕ್ಕೆ ಮೇಲೆ ಸೊಪ್ಪು ಅಥವಾ ತಾಡಪಾಲು ಇರುತ್ತದೆ, ಸುತ್ತ ಗೋಡೆ ಇರುವುದಿಲ್ಲ. ನೇರ ಬಿಸಿಲು ಬಿದ್ದರೆ ಮಾಂಸ ಒಣಗುವ ಬದಲು ಬೆಂದು ಎಣ್ಣೆ ಸುರಿಸುತ್ತದೆ. ಗಾಳಿ ನಿಂತ ದಿನ ನೊಣ ಮೊಟ್ಟೆಯಿಡುತ್ತವೆ, ಕಣಜ ಮುತ್ತುತ್ತವೆ. ಆಗ ಕೆಳಗೆ ಸಣ್ಣಗೆ ಹೊಗೆ ಹಾಕುತ್ತಾರೆ. ಗಾಳಿ ಹೇಗಿದೆ ಎಂಬುದರ ಮೇಲೆ ನಾಲ್ಕು ದಿನದಿಂದ ಹತ್ತು ದಿನ. ಒಣಗಿದ್ದು ಮರದ ಸಿಬರಿನಂತೆ ಗಟ್ಟಿ, ಹಲ್ಲಿನಲ್ಲಿ ಎಳೆದು ಅಗಿಯಬೇಕು, ಚಳಿಗಾಲವಿಡೀ ಕೆಡದು. ಹಿಂದೆ ಬರ್ಚ್ ತೊಗಟೆ ಹಾಸಿದ ಗುಂಡಿಗಳಲ್ಲಿ ಕೂಡಿಡುತ್ತಿದ್ದರು, ಬೆಟ್ಟದಾಚೆಯವರೊಂದಿಗೆ ವ್ಯಾಪಾರ ಮಾಡುತ್ತಿದ್ದರು.

ಇದನ್ನು ಹತ್ತಿರದಿಂದ ನೋಡಬೇಕೆಂದಿದ್ದರೆ ನೇರ ಹೊಳೆದಂಡೆಗೆ ಇಳಿಯಬೇಡಿ. ಮೀನು ಹಿಡಿಯುವವರ ತಂಗುದಾಣ ಅವರ ಅಡುಗೆಮನೆ, ಪ್ರದರ್ಶನವಲ್ಲ. ಲಿಲುಯೆಟ್‌ನಿಂದ ಉತ್ತರಕ್ಕೆ ಬ್ರಿಡ್ಜ್ ನದಿ ಫ್ರೇಸರ್ ಸೇರುವಲ್ಲಿ ಹೊಯ್ಸ್ಟೆನ್ ಸಮುದಾಯದವರೇ ನಡೆಸುವ ಮಾರ್ಗದರ್ಶಿ ಭೇಟಿಗಳಿವೆ. ಮುಂಚಿತವಾಗಿ ಹೇಳಿಟ್ಟರೆ ಮೀನಿನ ಬಂಡೆಗಳನ್ನೂ ನೆಲ ಅಗೆದು ಕಟ್ಟಿದ ಹಳೆಯ ಗುಂಡಿಮನೆಗಳ ನೆಲೆಯನ್ನೂ ತೋರಿಸುತ್ತಾರೆ. ಜುಲೈ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಒಳ್ಳೆಯ ಕಾಲ. ಆದರೆ ಮೀನು ಇಂಥ ದಿನವೇ ಬರುತ್ತದೆಂದು ಯಾರೂ ಮಾತು ಕೊಡರು. ಸಾಮನ್‌ನ ಒಂದು ಜಾತಿಯಾದ ಸಾಕೈ ನಾಲ್ಕು ವರ್ಷದ ಚಕ್ರದಲ್ಲಿ ಬರುವ ಮೀನು. 2009ರಲ್ಲಿ ಇಡೀ ಫ್ರೇಸರ್‌ಗೆ ಮರಳಿದ್ದು ಸುಮಾರು 15 ಲಕ್ಷ; ಸರ್ಕಾರ ವಿಚಾರಣಾ ಆಯೋಗ ನೇಮಿಸಿದ ಮರುವರ್ಷವೇ ಎರಡೂವರೆ ಕೋಟಿಗೂ ಹೆಚ್ಚು ಬಂದವು. ಮೊಟ್ಟೆಯಿಡಲು ಆಡಮ್ಸ್ ನದಿಗೆ ಹೋಗುವ ದೊಡ್ಡ ತಂಡ 2010, 2014, 2018, 2022ರಲ್ಲಿ ಈ ಕಮರಿ ಹಾದುಹೋಯಿತು. ಚಕ್ರದ ಲೆಕ್ಕದಲ್ಲಿ ಅದಾದ ಮೇಲಿನದು 2026. ಕಡಿಮೆ ಮೀನಿನ ವರ್ಷ ಬಲೆಗೆ ನಿರ್ಬಂಧ ಬೀಳುತ್ತದೆ, ಆಗ ಚಪ್ಪರಗಳು ಬರಿದಾಗಿರುತ್ತವೆ. ಇನ್ನೊಂದು ಮಾತು: ತಂಗುದಾಣದಲ್ಲಿ ‘ಒಂದು ಮೀನು ಎಷ್ಟಕ್ಕೆ ಕೊಡ್ತೀರಿ’ ಎಂದು ಕೇಳಬೇಡಿ. ಊಟಕ್ಕೆ, ಸಮುದಾಯದ ಹಂಚಿಕೆಗೆ, ಆಚರಣೆಗೆ ಎಂದು ಹಿಡಿದ ಮೀನನ್ನು ಮಾರುವುದು ಕಾನೂನಿಗೆ ವಿರುದ್ಧ. ಕೇಳಿದರೆ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತೆ.

ಹೆಲ್ಸ್ ಗೇಟನ್ನೂ ಮೀನಿನ ಕಣ್ಣಿನಿಂದಲೇ ನೋಡಬೇಕು. ಅಲ್ಲಿ ಇಡೀ ಫ್ರೇಸರ್ ಸುಮಾರು 35 ಮೀಟರ್ ಅಗಲಕ್ಕೆ ಹಿಂಡಿಕೊಂಡು ಹರಿಯುತ್ತದೆ. 1808ರಲ್ಲಿ ಸೈಮನ್ ಫ್ರೇಸರ್ ಈ ಕಮರಿ ದಾಟಿದ್ದು ಸ್ಥಳೀಯರು ಬಂಡೆಗೆ ಕಟ್ಟಿದ್ದ ಹಗ್ಗದ ಏಣಿ, ಅಟ್ಟಣಿಗೆಗಳ ಮೇಲೆ, ಅವರದೇ ಮಾರ್ಗದರ್ಶನದಲ್ಲಿ. ಆಮೇಲೆ 1880ರ ದಶಕದಲ್ಲಿ ಒಂದು ದಂಡೆಯಲ್ಲಿ ರೈಲುಹಾದಿ ಬಂತು, ಸಾವಿರಾರು ಚೀನೀ ಕಾರ್ಮಿಕರು ಅದಕ್ಕಾಗಿ ದುಡಿದರು, ಎಷ್ಟೋ ಜನ ಸತ್ತರು. ಎದುರು ದಂಡೆಯಲ್ಲಿ ಎರಡನೇ ರೈಲುಹಾದಿ ಕೊರೆಯುವಾಗ ಸಿಡಿಸಿದ ಕಲ್ಲು ನದಿಗೆ ಬಿತ್ತು. ನೀರಿನ ವೇಗ ಮೀನಿನ ಶಕ್ತಿ ಮೀರಿತು. 1913ರ ಭಾರೀ ತಂಡದ ಮೀನುಗಳು ಕೆಳಗೇ ತಡೆದು ರಾಶಿ ರಾಶಿ ಸತ್ತವು. ನ್ಲಕಾಪಮುಖ್ ಜನ ಬುಟ್ಟಿಗಳಲ್ಲಿ ಮೀನು ಹೊತ್ತು ಬಂಡೆ ದಾಟಿಸಿ ಮೇಲೆ ಬಿಟ್ಟರು. 1914ರಲ್ಲಿ ದೊಡ್ಡ ಬಂಡೆ ಕುಸಿತವಾಗಿ ಸಂದು ಇನ್ನೂ ಕಿರಿದಾಯಿತು. ಕಾಂಕ್ರೀಟಿನ ಮೀನುದಾರಿ ಕಟ್ಟಲು 1940ರ ದಶಕದ ನಡುವಿನವರೆಗೆ ಕಾಯಬೇಕಾಯಿತು. 1971ರಲ್ಲಿ ಶುರುವಾದ ಏರ್‌ಟ್ರಾಮ್‌ನಲ್ಲಿ ಕೆಳಗಿಳಿದರೆ ದಂಡೆಯ ಗೋಡೆಯಲ್ಲಿ ಕಾಣುವ ಸೀಳುಗಳು ಅವೇ: ಒಳಗಿನ ಅಡ್ಡಗೋಡೆಗಳು ನೀರಿನ ವೇಗ ಮುರಿದು, ಮೀನಿಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ಸುಧಾರಿಸಿಕೊಳ್ಳಲು ಎಡೆ ಕೊಡುತ್ತವೆ. ಟ್ರಾಮ್ ಚಳಿಗಾಲದಲ್ಲಿ ಓಡುವುದಿಲ್ಲ. ಟಿಕೆಟ್ ದುಬಾರಿ ಅನಿಸಿದರೆ ಗೊಣಗದೆ ಮುಂದೆ ಹೋಗಿ, ನೋಡಬೇಕಾದ್ದು ಇನ್ನೂ ಬೇಕಾದಷ್ಟಿದೆ.

ಇನ್ನು ಹಬ್ಬಗಳು. ಮೂಲನಿವಾಸಿಗಳ ಹಬ್ಬ ಎಂದರೆ ಗರಿಗಳ ಕಿರೀಟ ತೊಟ್ಟು ಕುಣಿಯುವ ಕೂಟವಾದ ಪೌವೌ ಎಂದು ಅನೇಕರ ಕಲ್ಪನೆ. ಪೌವೌ ಬಯಲುಸೀಮೆಯ ಜನಾಂಗಗಳಿಂದ ಹಬ್ಬಿ ಬಂದದ್ದು. ಅದನ್ನೇ ನೋಡಬೇಕಿದ್ದರೆ ಆಗಸ್ಟ್ ಮೊದಲ ವಾರಾಂತ್ಯದ ಹೊತ್ತಿಗೆ ಕಮ್‌ಲೂಪ್ಸ್‌ನಲ್ಲಿ ಕಮ್‌ಲೂಪಾ ಪೌವೌ ಇರುತ್ತದೆ. ಕಮರಿಯ ಕೂಟಗಳಿಗೆ ಬೇರೆಯೇ ರುಚಿ: ಕೈ ತಮಟೆಯ ಹಾಡು, ಹಿರಿಯರ ಮಾತು, ಎಲ್ಲರಿಗೂ ಊಟ, ರಾತ್ರಿಯವರೆಗೆ ಎಳೆಯುವ ಲಹಾಲ್ ಆಟ. ಲಹಾಲ್‌ನಲ್ಲಿ ಎರಡು ತಂಡ ಎದುರುಬದುರು ಕೂರುತ್ತವೆ. ಒಂದು ತಂಡದ ಇಬ್ಬರ ಕೈಯಲ್ಲಿ ಒಂದೊಂದು ಜೊತೆ ಮೂಳೆ, ಜೊತೆಯಲ್ಲಿ ಒಂದಕ್ಕೆ ಗುರುತು, ಇನ್ನೊಂದು ಬೋಳು. ತಂಡ ಹಾಡುತ್ತಾ ತಮಟೆ ಬಾರಿಸುತ್ತಿದ್ದರೆ ಇವರು ಮೂಳೆಗಳನ್ನು ಕೈ ಬದಲಿಸುತ್ತಾರೆ; ಎದುರಾಳಿ ಬೋಳು ಮೂಳೆ ಯಾವ ಕೈಯಲ್ಲಿದೆ ಎಂದು ಸನ್ನೆಯಲ್ಲೇ ಹೇಳಬೇಕು. ತಪ್ಪಿದರೆ ಒಂದು ಎಣಿಕೆ ಕಡ್ಡಿ ಕೈಬಿಟ್ಟಿತು. ಹಾಡಿನ ಜೋರು ಇರುವುದೇ ಎದುರಾಳಿಯ ಲೆಕ್ಕ ತಪ್ಪಿಸಲು. ಪಣದ ಹಣ ಕೂಡ ಓಡುತ್ತದೆ. ಕರೆದರೆ ಕೂರಿ, ತಾವಾಗಿ ನುಗ್ಗಬೇಡಿ.

ವರ್ಷದಲ್ಲಿ ಗಮನಿಸಬೇಕಾದ ದಿನಗಳು ಕೆಲವೇ. 1911ರ ಮೇ 10ರಂದು ಸ್ಪೆನ್ಸಸ್ ಬ್ರಿಡ್ಜ್‌ನಲ್ಲಿ ಸ್ಟಾಟ್ಲಿಯಮ್ ಮುಖಂಡರು ‘ಈ ನೆಲ ನಮ್ಮದು, ನಾವು ಯಾರಿಗೂ ಕೊಟ್ಟಿಲ್ಲ’ ಎಂಬ ಅರ್ಥದ ಘೋಷಣೆಗೆ ಸಹಿ ಹಾಕಿದರು. ಬರವಣಿಗೆಗೆ ನೆರವಾದವರು ನ್ಲಕಾಪಮುಖ್ ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆಸಿದ್ದ, ಶೆಟ್ಲಂಡ್ ಮೂಲದ ಜೇಮ್ಸ್ ಟೀಟ್. ಈ ದಿನದ ಸುತ್ತಮುತ್ತ ಸ್ಟಾಟ್ಲಿಯಮ್ ಸಮುದಾಯಗಳು ಒಂದೆಡೆ ಸೇರುತ್ತವೆ. ಜೂನ್ 21 ದೇಶದಾದ್ಯಂತ ಮೂಲನಿವಾಸಿಗಳ ದಿನ. ಮೊದಲ ಬಾರಿ ಬರುವವರಿಗೆ ಇದೇ ಸುಲಭದ ಬಾಗಿಲು, ಯಾಕೆಂದರೆ ಅಂದು ಹೊರಗಿನವರನ್ನು ಕರೆದೇ ಕೂಟ ಮಾಡುತ್ತಾರೆ. ಜುಲೈಯಲ್ಲಿ ಲಿಲುಯೆಟ್‌ನ ಏಪ್ರಿಕಾಟ್ ತ್ಸಾಕ್ವಂ ಹಬ್ಬ. ವಲಸೆ ಬಂದವರು ನೆಟ್ಟ ಏಪ್ರಿಕಾಟ್, ಇಲ್ಲಿಯದೇ ಆದ ಸಸ್ಕಟೂನ್ ಹಣ್ಣು (ತ್ಸಾಕ್ವಂ ಅಂದರೆ ಅದೇ), ಎರಡರ ಹೆಸರೂ ಒಂದೇ ಹಬ್ಬಕ್ಕೆ. ಸೆಪ್ಟೆಂಬರ್ 30 ಹಬ್ಬವಲ್ಲ: ವಸತಿಶಾಲೆಗಳಿಗೆ ಎಳೆದೊಯ್ದ ಮೂಲನಿವಾಸಿ ಮಕ್ಕಳನ್ನು ನೆನೆಯುವ ದಿನ. ಲಿಟನ್ ಬಳಿಯ ಸೇಂಟ್ ಜಾರ್ಜ್ಸ್ ವಸತಿಶಾಲೆ 1979ರವರೆಗೆ ನಡೆಯಿತು. ಅಲ್ಲಿ ಓದಿದವರು ಇಂದಿಗೂ ಈ ಊರುಗಳಲ್ಲಿದ್ದಾರೆ. ಅಂದು ಹೋಗುವುದಾದರೆ ಕ್ಯಾಮೆರಾ ಚೀಲದಲ್ಲೇ ಇರಲಿ.

ಯಾವ ಕೂಟಕ್ಕೇ ಆಗಲಿ ಕೆಲವು ನಡವಳಿಕೆ ಸಾಮಾನ್ಯ. ಪ್ರವೇಶ ಮೆರವಣಿಗೆ ಬರುವಾಗ ಎದ್ದು ನಿಲ್ಲಬೇಕು, ಟೋಪಿ ತೆಗೆಯಬೇಕು. ನಿರೂಪಕರು ಫೋಟೊ ಬೇಡ ಎಂದಾಗ ಮೊಬೈಲನ್ನೂ ಕೆಳಗಿಳಿಸಬೇಕು. ನೆಲಕ್ಕೆ ಬಿದ್ದ ಹದ್ದಿನ ಗರಿಯನ್ನು ಎತ್ತಿಕೊಡಲು ಹೋಗಬಾರದು, ಅದಕ್ಕೆ ಅವರದೇ ಕ್ರಮವಿದೆ. ಉಡುಪನ್ನು ವೇಷ ಎನ್ನಬಾರದು, ಮುಟ್ಟಬಾರದು. ಊಟದ ಸಾಲಿನಲ್ಲಿ ಹಿರಿಯರು ಮೊದಲು. ತಟ್ಟೆಗೆ ಬರುವುದು ಬಹುಶಃ ಸುಟ್ಟ ಸಾಮನ್ ಮತ್ತು ಬ್ಯಾನಕ್ ರೊಟ್ಟಿ. ಬ್ಯಾನಕ್ ಬರೀ ಮೈದಾ ಹಿಟ್ಟಿನದು ಎಂದು ಸಸ್ಯಾಹಾರಿಗಳು ನಂಬಿ ತಿನ್ನುವುದುಂಟು. ಕರಿದದ್ದು ಹಂದಿ ಕೊಬ್ಬಿನಲ್ಲಿರಬಹುದು, ಮೆಲ್ಲಗೆ ಕೇಳಿಕೊಳ್ಳಿ. ಬೇಡವಾದರೆ ಧನ್ಯವಾದ ಹೇಳಿ ಸುಮ್ಮನಿರಿ, ಸಸ್ಯಾಹಾರದ ಉಪನ್ಯಾಸಕ್ಕೆ ಅದು ಜಾಗವಲ್ಲ.

ಲಿಟನ್ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಫ್ರೇಸರ್‌ನ ಕಂದು ನೀರಿಗೆ ಥಾಂಪ್ಸನ್‌ನ ಹಸಿರುನೀಲಿ ನೀರು ಸೇರುವ ಜಾಗ ಅದು. ಎರಡು ಬಣ್ಣ ಸ್ವಲ್ಪ ದೂರ ಪಕ್ಕಪಕ್ಕದಲ್ಲೇ ಹರಿಯುವುದು ಮೇಲಿನಿಂದ ಸ್ಪಷ್ಟವಾಗಿ ಕಾಣುತ್ತದೆ. ನ್ಲಕಾಪಮುಖ್ ಜನರಿಗೆ ಇದು ಲೋಕದ ನಡುಮಧ್ಯ. 1858ರಲ್ಲಿ ಚಿನ್ನ ಹುಡುಕಿ ಬಂದ ಸಾವಿರಾರು ಗಣಿಗಾರರಿಗೂ ಸ್ಥಳೀಯರಿಗೂ ಕಮರಿಯಲ್ಲಿ ಯುದ್ಧ ಹತ್ತಿಕೊಂಡಾಗ, ಆಗಸ್ಟ್‌ನಲ್ಲಿ ಮುಖಂಡ ಸ್ಪಿಂಟ್ಲಮ್ ಇಲ್ಲೇ ಸಂಧಿ ಮಾಡಿ ಅದನ್ನು ನಿಲ್ಲಿಸಿದರು.

2021ರ ಜೂನ್ 27, 28, 29, ಮೂರು ದಿನ ಸತತವಾಗಿ ಈ ಪುಟ್ಟ ಊರು ಕೆನಡಾದ ತಾಪಮಾನದ ದಾಖಲೆ ಮುರಿಯಿತು: 46.6, 47.9, 49.6 ಡಿಗ್ರಿ. ಜೂನ್ 30ರ ಸಂಜೆ ಊರಿನಂಚಿನಲ್ಲಿ ಹತ್ತಿದ ಬೆಂಕಿಯನ್ನು ಅದೇ ಕಮರಿಯ ಗಾಳಿ, ಅಂದು ಗಂಟೆಗೆ 70 ಕಿ.ಮೀ. ಆಸುಪಾಸಿನ ರಭಸದಲ್ಲಿ, ಊರೊಳಗೆ ತಳ್ಳಿತು. ಜನರಿಗೆ ಸಿಕ್ಕಿದ್ದು ಕೆಲವೇ ನಿಮಿಷ. ಇಬ್ಬರು ಸತ್ತರು, ಊರಿನ ಬಹುಪಾಲು ಬೂದಿಯಾಯಿತು, ಪಕ್ಕದ ಮೂಲನಿವಾಸಿ ವಸತಿಗಳ ಮನೆಗಳೂ ಹೋದವು. ಅದೇ ನವೆಂಬರಿನ ಮಹಾಮಳೆ ಹೆದ್ದಾರಿಯನ್ನು ಹಲವೆಡೆ ಕೊಚ್ಚಿತು. ಮರುವರ್ಷ ಜುಲೈಯಲ್ಲಿ ನದಿಯ ಪಶ್ಚಿಮ ದಂಡೆಯಲ್ಲಿ ಇನ್ನೊಂದು ಬೆಂಕಿ. ಮತ್ತೆ ಕಟ್ಟಲು ಹೊರಟಾಗ ನೆಲದಡಿ ಹಳೆಯ ವಸತಿಯ ಸಾವಿರಾರು ಕುರುಹುಗಳು ಸಿಕ್ಕವು, ಕಾನೂನಿನಂತೆ ಪುರಾತತ್ವಜ್ಞರು ಬರಬೇಕಾಯಿತು, ವರ್ಷಗಳು ಹಿಡಿದವು. ಬೆಂಕಿಗೆ ಮುಂಚೆ ಬೇಸಿಗೆಯ ಕೊನೆಗೆ ಇಲ್ಲಿ ನದಿ ಹಬ್ಬ ನಡೆಯುತ್ತಿತ್ತು. ಹಳೆಯ ಪ್ರವಾಸಿ ಪುಟಗಳಲ್ಲಿ ಇನ್ನೂ ಅದರ ಹೆಸರಿರುವುದನ್ನು ನಂಬಿ ಹೊರಡಬೇಡಿ. ಸುಟ್ಟ ಅಡಿಪಾಯಗಳ ಮುಂದೆ ಸೆಲ್ಫಿ ಬೇಡ. ತೆರೆದಿರುವ ಅಂಗಡಿಯಲ್ಲಿ ಏನಾದರೂ ಕೊಳ್ಳಿ. ಸುಟ್ಟುಹೋಗಿದ್ದ ಚೀನೀ ಇತಿಹಾಸದ ಪುಟ್ಟ ವಸ್ತುಸಂಗ್ರಹಾಲಯವನ್ನು ಮತ್ತೆ ಕಟ್ಟಿದ್ದಾರೆ. ಬಾಗಿಲು ತೆರೆಯುವ ವೇಳೆ ಕೇಳಿಕೊಂಡು ಹೋಗಿ.

ಲಿಟನ್‌ನ ಎದುರು ದಂಡೆಗೆ ಹೋಗಲು ಎಂಜಿನ್ ಇಲ್ಲದ ದೋಣಿಯಿದೆ. ನದಿಗೆ ಅಡ್ಡಲಾಗಿ ಮೇಲೆ ಉಕ್ಕಿನ ಹಗ್ಗ. ಅದರ ಮೇಲೆ ಉರುಳುವ ರಾಟೆಗಳಿಗೆ ದೋಣಿಯನ್ನು ಕಟ್ಟಿರುತ್ತದೆ. ದೋಣಿಯ ಅಡಿ ಎರಡು ತೇಲುದೊಣೆ, ಹಿಂದೆ ಚುಕ್ಕಾಣಿ. ಚುಕ್ಕಾಣಿ ತಿರುಗಿಸಿ ದೊಣೆಗಳನ್ನು ಹರಿವಿಗೆ ಓರೆಯಾಗಿ ಒಡ್ಡಿದಾಗ ನೀರು ಕೆಳಕ್ಕೆ ತಳ್ಳಲು ನೋಡುತ್ತದೆ, ಹಗ್ಗ ಬಿಡುವುದಿಲ್ಲ. ಉಳಿದ ಒತ್ತಡ ದೋಣಿಯನ್ನು ಅಡ್ಡಕ್ಕೆ ನೂಕುತ್ತದೆ. ಆಚೆ ದಂಡೆ ಬಂದಾಗ ಚುಕ್ಕಾಣಿ ನೇರ ಮಾಡಿದರೆ ನಿಲ್ಲುತ್ತದೆ. ಎರಡು ಕಾರು ಹಿಡಿಸುತ್ತದೆ, ಹಣ ಕೇಳುವುದಿಲ್ಲ. ಹಿಮ ಕರಗಿ ನೀರು ಏರುವ ಮೇ–ಜೂನ್‌ನಲ್ಲಿ, ಚಳಿಗಾಲದಲ್ಲಿ ಮಂಜುಗಡ್ಡೆ ಬಂದಾಗ, ಗಾಳಿ ಮಿತಿಮೀರಿದಾಗ ನಿಲ್ಲಿಸುತ್ತಾರೆ. ನಡುನಡುವೆ ಸಿಬ್ಬಂದಿಯ ಬಿಡುವೂ ಇರುತ್ತದೆ. ಆಚೆ ಹೋದ ಮೇಲೆ ದೋಣಿ ನಿಂತರೆ ಕಾರು ಅಲ್ಲೇ ಉಳಿಯಿತು. ಜನ ಮಾತ್ರ ರೈಲು ಸೇತುವೆಯ ಪಕ್ಕದ ಕಾಲುದಾರಿಯಲ್ಲಿ ದಾಟಬಹುದು. ಆದ್ದರಿಂದ ಅದೇ ದಿನ ವ್ಯಾಂಕೂವರಿನಲ್ಲಿ ವಿಮಾನ ಹಿಡಿಯಬೇಕಾದವರು ಕಾರು ದಾಟಿಸಬೇಡಿ.

ದೋಣಿ ಇಳಿದು ಉತ್ತರಕ್ಕೆ ಐದು ಕಿ.ಮೀ. ಹೋದರೆ ಸ್ಟೈನ್ ಕಣಿವೆಯ ಬಾಯಿ. ದಕ್ಷಿಣ ಬ್ರಿಟಿಷ್ ಕೊಲಂಬಿಯಾದಲ್ಲಿ ಕೊಡಲಿ ಬೀಳದೆ ಉಳಿದ ಇಷ್ಟು ದೊಡ್ಡ ಜಲಾನಯನ ಇನ್ನೊಂದಿಲ್ಲ, 1,07,000 ಹೆಕ್ಟೇರ್. ಸುಮ್ಮನೆ ಉಳಿಯಲಿಲ್ಲ. ಕಂಪನಿಗಳು ಕಮರಿಯಲ್ಲಿ ರಸ್ತೆ ಕೊರೆದು ಮರ ಸಾಗಿಸಲು ಹೊರಟಾಗ, 1985ರಿಂದ ಇಲ್ಲಿ ಕಾಡು ಉಳಿಸುವ ಹಬ್ಬಗಳು ಶುರುವಾದವು. ಮೊದಲ ಕೂಟಕ್ಕೆ ಜನ ಬೆಟ್ಟದ ನೆತ್ತಿಗೆ ನಡೆದೇ ಹೋದರು; ಆ ದಶಕದ ಕೊನೆಗೆ ಸಾವಿರಾರು ಮಂದಿ ಸೇರುವ ಸಂಗೀತ ಮೇಳವಾಯಿತು. 1987ರಲ್ಲಿ ಲಿಟನ್ ಮತ್ತು ಮೌಂಟ್ ಕರಿ ಸಮುದಾಯಗಳು ಕಣಿವೆಯನ್ನು ಹಾಗೇ ಉಳಿಸುತ್ತೇವೆಂದು ಒಟ್ಟಾಗಿ ಘೋಷಿಸಿದವು. 1995ರಲ್ಲಿ ಅದು ಸ್ಟೈನ್ ವ್ಯಾಲಿ ನ್ಲಕಾಪಮುಖ್ ಪರಂಪರಾ ಉದ್ಯಾನವಾಯಿತು. ಲಿಟನ್ ಸಮುದಾಯವೂ ಪ್ರಾಂತ್ಯದ ಸರ್ಕಾರವೂ ಸೇರಿ ನೋಡಿಕೊಳ್ಳುತ್ತವೆ. ಹಬ್ಬದಿಂದ ಕಾಡು ಉಳಿಯುತ್ತದೆಯೇ ಎಂದು ಮೂಗು ಮುರಿಯುವವರಿಗೆ ಇದೊಂದು ಉತ್ತರ, ಆದರೆ ಅರ್ಧ ಉತ್ತರ. ನ್ಲಕಾಪಮುಖ್ ಹಿರಿಯರು ಹಬ್ಬಕ್ಕೆ ಮುಂಚೆಯೂ ಬೇಡ ಎನ್ನುತ್ತಿದ್ದರು, ಹಾಡುಗಾರರು ಹೊರಟುಹೋದ ಮೇಲೂ ಅದೇ ಮಾತಿಗೆ ಅಂಟಿಕೊಂಡಿದ್ದರು.

ಹಾದಿ ಶುರುವಾದ ಸ್ವಲ್ಪದರಲ್ಲೇ ಕೇಳುವ ಬಂಡೆ. ಒಳಗೆ ಹೋಗುವವರು ಇಲ್ಲಿ ನಿಂತು, ಕಣಿವೆಯನ್ನು ಅಪ್ಪಣೆ ಕೇಳಿ, ಚಿಟಿಕೆ ತಂಬಾಕನ್ನೋ ಸೇಜ್ ಎಲೆಯನ್ನೋ ಇಟ್ಟು ಮುಂದೆ ಹೋಗುವುದು ಪದ್ಧತಿ. ನಮ್ಮವರಿಗೆ ಇಂಥ ಕಲ್ಲು ಕಂಡರೆ ಕೈ ತಾನಾಗಿ ಕುಂಕುಮದ ಕಡೆ ಹೋಗುತ್ತದೆ. ಬೇಡ. ನಾಣ್ಯ, ಊದುಬತ್ತಿ, ತೆಂಗಿನಕಾಯಿ ಯಾವುದೂ ಬೇಡ. ಕೈಮುಗಿದು ಎರಡು ಕ್ಷಣ ನಿಂತರೆ ಸಾಕು. ಇಲ್ಲಿಯೂ ಕಣಿವೆಯ ಒಳಗೂ ಕೆಮ್ಮಣ್ಣಿನಲ್ಲಿ ಬರೆದ ಚಿತ್ರಗಳಿವೆ. ಹರೆಯಕ್ಕೆ ಬಂದ ಹುಡುಗ ಹುಡುಗಿಯರು ಒಂಟಿಯಾಗಿ ಉಪವಾಸವಿದ್ದು ಕಂಡ ಕನಸುಗಳನ್ನು ಬರೆದದ್ದೆಂದು ಸ್ಪಝಮ್‌ನ ಹಿರಿಯರಾದ ಆನಿ ಯಾರ್ಕ್ ವಿವರಿಸಿ ದಾಖಲಿಸಿದ್ದಾರೆ. ಬಣ್ಣ ಎದ್ದು ಕಾಣಲೆಂದು ನೀರು ಎರಚಿ ಫೋಟೊ ತೆಗೆಯುವವರಿದ್ದಾರೆ. ನೀರಿನಿಂದ, ಬೆರಳಿನ ಜಿಡ್ಡಿನಿಂದ ಬಣ್ಣ ಬೇಗ ಸವೆಯುತ್ತದೆ. ಮೋಡ ಕವಿದ ಬೆಳಗಿನಲ್ಲಿ ಕ್ಯಾಮೆರಾಕ್ಕೆ ತಾನಾಗಿ ಚೆನ್ನಾಗಿ ಸಿಗುತ್ತವೆ.

2022ರ ಬೆಂಕಿಯ ನಂತರ ಕೆಳಗಿನ ಕಣಿವೆಯ ಹಾದಿ ತುಂಬಾ ಹಾಳಾಗಿದೆ, ಮುಚ್ಚಿದ್ದೂ ಉಂಟು. ಹೊರಡುವ ವಾರವೇ ಪ್ರಾಂತ್ಯದ ಉದ್ಯಾನಗಳನ್ನು ನೋಡಿಕೊಳ್ಳುವ ಬಿ.ಸಿ. ಪಾರ್ಕ್ಸ್‌ನ ಪ್ರಕಟಣೆ ನೋಡಿ. ತೆರೆದಿದ್ದರೂ ಸುಟ್ಟ ಮರಗಳು ಗಾಳಿಗೆ ಸದ್ದಿಲ್ಲದೆ ಉರುಳುತ್ತವೆ, ಆದ್ದರಿಂದ ಮಧ್ಯಾಹ್ನದ ಹೊತ್ತಿಗೆ ಸುಟ್ಟ ತುಂಡು ದಾಟಿರಬೇಕು. ಮೂರು ಎಲೆಯ ಪಾಯಿಸನ್ ಐವಿ ತಾಗಿದರೆ ಚರ್ಮ ಬೊಬ್ಬೆಯೇಳುತ್ತದೆ, ಉದ್ದ ಪ್ಯಾಂಟ್ ಹಾಕಿ. ಮಾರ್ಚ್‌ನಿಂದ ಜೂನ್‌ವರೆಗೆ ಉಣ್ಣಿ ಕಾಟ. ಸಂಜೆ ಕಂಕುಳು, ಕೂದಲ ಬುಡ ನೋಡಿಕೊಂಡೇ ಮಲಗಿ. ಬಿಸಿ ಬಂಡೆಗಳಲ್ಲಿ ಬುಡುಬುಡುಕೆ ಬಾಲದ ಹಾವಿರುತ್ತದೆ, ಕೈಯೂರುವ ಮುನ್ನ ನೋಡಿ. ಕರಡಿಗೆ ಪುಳಿಯೋಗರೆ ಗೊಜ್ಜು, ಒಗ್ಗರಣೆ ಹಾಕಿದ ಮೊಸರನ್ನದ ವಾಸನೆ ಮೈಲಿಯಿಂದ ಸಿಗುತ್ತದೆ. ಊಟ, ಟೂತ್‌ಪೇಸ್ಟ್, ಎಣ್ಣೆ ಎಲ್ಲವನ್ನೂ ಅಲ್ಲಿ ಇಟ್ಟಿರುವ ಲೋಹದ ಪೆಟ್ಟಿಗೆಯಲ್ಲಿಡಿ. ಪೆಟ್ಟಿಗೆ ಇಲ್ಲದಿದ್ದರೆ ಡೇರೆಯಿಂದ ದೂರ, ನೆಲದಿಂದ ನಾಲ್ಕು ಮೀಟರ್ ಎತ್ತರಕ್ಕೆ, ಕಾಂಡದಿಂದ ಒಂದೂವರೆ ಮೀಟರ್ ಆಚೆಗೆ ತೂಗುಹಾಕಿ. ಬೇಸಿಗೆಯಲ್ಲಿ ತಲೆಗೆ ದಿನಕ್ಕೆ ನಾಲ್ಕು ಲೀಟರ್ ನೀರು ಬೇಕು.

ನಡೆಯಲಾರದವರಿಗೆ, ಮಕ್ಕಳಿರುವವರಿಗೆ ಬೋಸ್ಟನ್ ಬಾರ್ ಹತ್ತಿರದ ಟಕ್‌ವಿಯೋಮ್ ಪರಂಪರಾ ಗ್ರಾಮ ಒಳ್ಳೆಯದು. ಅಲ್ಲಿ ಚಳಿಗಾಲದ ಗುಂಡಿಮನೆಯೊಳಗೆ ಇಳಿದು ನೋಡಬಹುದು. ಎದೆಮಟ್ಟ ಅಗೆದ ದುಂಡು ಗುಂಡಿ, ನಾಲ್ಕು ಕಂಬ, ಅವುಗಳ ಮೇಲೆ ತೊಲೆ, ಗಳು, ಪೈನ್ ಸೂಜಿಗಳ ಹಾಸು, ಮೇಲೆ ಮಣ್ಣು. ಬಾಗಿಲು ಮಾಡಿನಲ್ಲೇ: ಹೊಗೆ ಹೋಗುವ ಕಿಂಡಿಯಿಂದ ಮೆಟ್ಟಿಲು ಕೊರೆದ ಮರದ ದಿಮ್ಮಿ ಹಿಡಿದು ಇಳಿಯುವುದು. ಸುತ್ತ ಮಣ್ಣು ಇರುವುದರಿಂದ ಸಣ್ಣ ಬೆಂಕಿಗೇ ಇಡೀ ಮನೆ ಬೆಚ್ಚಗಾಗುತ್ತದೆ. ಹದಿನೈದರಿಂದ ಮೂವತ್ತು ಜನ ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಳಗೇ ಇರುತ್ತಿದ್ದರು. ಇಲ್ಲಿ ಸುರುಳಿ ಬುಟ್ಟಿಗಳನ್ನೂ ಗಮನಿಸಿ: ಸೀಡರ್ ಬೇರು ಸೀಳಿ ಸುತ್ತಿ ಹೊಲಿದದ್ದು, ಹೊರಮೈಯಲ್ಲಿ ಚೆರ‍್ರಿ ತೊಗಟೆಯ ಕೆಂಪು ಕಪ್ಪು ವಿನ್ಯಾಸ. ನೀರು ಸೋರದಷ್ಟು ಬಿಗಿ. ಕಾದ ಕಲ್ಲು ಹಾಕಿ ಅದರಲ್ಲೇ ಅಡುಗೆ ಮಾಡುತ್ತಿದ್ದರು. ಲಿಲುಯೆಟ್ ಮೇಲಿನ ಕೀಟ್ಲಿ ಕ್ರೀಕ್‌ನಂಥ ಕಡೆ ನೂರಕ್ಕೂ ಹೆಚ್ಚು ಗುಂಡಿಮನೆಗಳ ಕುಳಿಗಳು ಉಳಿದಿವೆ, ಆದರೆ ಅಂಥ ಜಾಗಗಳಿಗೆ ಅಪ್ಪಣೆಯಿಲ್ಲದೆ ಹೋಗುವಂತಿಲ್ಲ. 1846ಕ್ಕಿಂತ ಹಿಂದಿನ ನೆಲೆಗಳಿಗೆಲ್ಲ ಪ್ರಾಂತ್ಯದ ಕಾನೂನಿನ ರಕ್ಷಣೆಯಿದೆ. ಕಾಲಿಗೆ ಸಿಕ್ಕ ಕಲ್ಲಿನ ಬಾಣದ ತುದಿ ಜೇಬಿಗೆ ಹಾಕಿದರೂ ಅಪರಾಧವೇ.

ಕೊನೆಗೆ ದಾರಿಯ ಮಾತು. ಹೋಪ್–ಲಿಟನ್ 108, ಲಿಟನ್–ಲಿಲುಯೆಟ್ 64, ಲಿಲುಯೆಟ್‌ನಿಂದ ಡಫಿ ಲೇಕ್ ರಸ್ತೆಯಲ್ಲಿ ಪೆಂಬರ್ಟನ್ ಸುಮಾರು 100, ಅಲ್ಲಿಂದ ವಿಸ್ಲರ್ ಮೂಲಕ ವ್ಯಾಂಕೂವರ್ 155 ಕಿ.ಮೀ. ಸುತ್ತು ಹಾಕಿ ಬರಲು ಎರಡು ರಾತ್ರಿಯಾದರೂ ಬೇಕು. ಯೇಲ್ ಮತ್ತು ಬೋಸ್ಟನ್ ಬಾರ್ ನಡುವೆ ಏಳು ಸುರಂಗ. ಬಿಸಿಲಿನಿಂದ ಒಳಗೆ ನುಗ್ಗುವಾಗ ಕಣ್ಣು ಕತ್ತಲೆಗಟ್ಟುತ್ತದೆ, ಕಪ್ಪು ಕನ್ನಡಕ ತೆಗೆದು ದೀಪ ಹಾಕಿ. ಲಿಟನ್–ಲಿಲುಯೆಟ್ ರಸ್ತೆಯಲ್ಲಿ ಬಂಡೆ ಉರುಳುವುದು ಮಾಮೂಲು, ಮಳೆ ಬಂದ ಮರುದಿನ ಹೆಚ್ಚು. ಹೋಪ್‌ನಲ್ಲೇ ಟ್ಯಾಂಕ್ ತುಂಬಿಸಿ. ಮೊಬೈಲ್ ಸಿಗ್ನಲ್ ಬಹಳ ಕಡೆ ಇಲ್ಲ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಡಫಿ ರಸ್ತೆಯಲ್ಲಿ ಪೆಂಬರ್ಟನ್ ಕಡೆಗೆ ಇಳಿಯುವುದು ಬಹಳ ಕಡಿದು. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹಿಡಿತ ತಪ್ಪುತ್ತದೆ, ಕೆಳಗಿನ ಗೇರಿನಲ್ಲಿಡಿ. ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಘಟ್ಟದ ರಸ್ತೆಗಳಲ್ಲಿ ಚಳಿಗಾಲದ ಟೈರ್ ಕಡ್ಡಾಯ. ಹೊರಡುವ ಬೆಳಗ್ಗೆ ರಸ್ತೆಗೆ ಡ್ರೈವ್‌ಬಿಸಿ, ಬೆಂಕಿಗೆ ಬಿ.ಸಿ. ವೈಲ್ಡ್‌ಫೈರ್ ಸರ್ವಿಸ್ ಪುಟ, ಎರಡೂ ನೋಡಿ. ಬೆಂಕಿ ಹಚ್ಚಲು ನಿಷೇಧವಿದ್ದರೆ ಕಟ್ಟಿಗೆಯ ಒಲೆ ಹಚ್ಚಬೇಡಿ. ಗ್ಯಾಸ್ ಸ್ಟೌವ್‌ಗೆ ಸಾಮಾನ್ಯವಾಗಿ ವಿನಾಯಿತಿ ಇರುತ್ತದೆ, ಆದರೂ ಅಂದಿನ ಆದೇಶ ಓದಿ. ಸ್ಥಳಾಂತರದ ಎಚ್ಚರಿಕೆ ಬಂದ ಊರಿಗೆ ‘ಬುಕಿಂಗ್ ಆಗಿಬಿಟ್ಟಿದೆ’ ಎಂದು ಹೋಗಬೇಡಿ: ಅಲ್ಲಿ ಇರುವುದು ಒಂದೋ ಎರಡೋ ರಸ್ತೆ, ಊರಿನವರು ಹೊರಬರಲು ಅದೇ ಬೇಕು.